ಠಾಣೆಯ ಮೆಟ್ಟಿಲು ಹತ್ತಲು ಯಾಕಿಷ್ಟು ಹೆದರಿಕೆ?

ಬೆಳಗ್ಗೆ ಹನ್ನೊಂದು ಗಂಟೆ. ನಮ್ಮ ನೆರೆಮನೆಯ ಮಾಮಿ ಮೀನು ಸರಿ ಮಾಡುತ್ತಾ ಕೂತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಕರೆ ಬಂತು. ಫೋಟೊದಲ್ಲಿ ಪೊಲೀಸ್ ಟೋಪಿ ಹಾಕಿದ ಒಬ್ಬರು. ಹಿಂದಿಯಲ್ಲಿ ಗಟ್ಟಿ ಧ್ವನಿ. "ನಿಮ್ಮ ಮಗ ನಮ್ಮ ಹತ್ತಿರ ಇದ್ದಾನೆ. ಮೂವರು ಫ್ರೆಂಡ್ಸ್ ಜೊತೆ ಡ್ರಗ್ಸ್ ಕೇಸಿನಲ್ಲಿ ಸಿಕ್ಕಿದ್ದಾನೆ. ಪತ್ರಿಕೆಯವರು ಬರುವ ಮೊದಲು ಬಿಡಿಸಿಕೊಳ್ಳಿ." ಹಿಂದಿನಿಂದ ಒಬ್ಬ ಹುಡುಗ 'ಉಮ್ಮಾ, ಉಮ್ಮಾ' ಎಂದು ಅಳುವ ಶಬ್ದ.

ಮಗ ಕಾಲೇಜಿಗೆ ಹೋಗಿದ್ದ. ಲ್ಯಾಬ್ ಇದ್ದ ಕಾರಣ ಮೊಬೈಲ್ ಸ್ವಿಚ್ ಆಫ್. ಗಂಡ ಜುಬೈಲ್‌ನಲ್ಲಿ ಡ್ಯೂಟಿಯಲ್ಲಿ. ಮಾಮಿಗೆ ಅಳುವ ಹುಡುಗ ತನ್ನ ಮಗನೇ ಎಂದು ಕೇಳಿಸಿತು. ಅರ್ಧ ಗಂಟೆಯ ಒಳಗೆ ಮೂರು ಸಲ ಯುಪಿಐ ಮೂಲಕ 85 ಸಾವಿರ ರೂಪಾಯಿ ಹೋಯಿತು. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಅದು.

ಸಂಜೆ ನಾಲ್ಕೂವರೆಗೆ ಮಗ ಬ್ಯಾಗ್ ಹಾಕಿಕೊಂಡು ಮನೆಗೆ ಬಂದ. "ಉಮ್ಮಾ, ತಿನ್ನಲಿಕ್ಕೆ ಎಂತ ಉಂಟು?" ಎಂದು ಕೇಳಿದ. ಮಾಮಿ ಅಲ್ಲೇ ಕುಸಿದು ಕೂತರು.

ಇಷ್ಟಾದ ಮೇಲೂ ಅವರು ಯಾರಿಗೂ ಹೇಳಲಿಲ್ಲ. ನಮ್ಮ ಮನೆಗೆ ಬಂದು ವಿಷಯ ತೆಗೆದದ್ದು ನಾಲ್ಕನೇ ದಿನ. "ಕಂಪ್ಲೇಂಟ್ ಕೊಟ್ಟದ್ದುಂಟಾ ಮಾಮಿ?" ಎಂದು ಕೇಳಿದೆ. "ಹೋದದ್ದು ಹೋಯಿತು ಮೋನೇ. ದುಡ್ಡು ಹೋದರೆ ಹೋಗಲಿ, ಠಾಣೆ ಬೇಡ. ಡ್ರಗ್ಸ್ ಅಂತ ಬರೆದ ಕಾಗದದಲ್ಲಿ ನನ್ನ ಮಗನ ಹೆಸರು ಬರುವುದು ಬೇಡ. ನಾಳೆ ಅವನಿಗೆ ಪಾಸ್‌ಪೋರ್ಟ್ ಆಗಬೇಕಲ್ಲ" ಎಂದರು.

ಈ ಮಾತನ್ನು ನಾವೆಲ್ಲ ಒಮ್ಮೆ ಕೂತು ಯೋಚಿಸಬೇಕು. ವಂಚಕ ಮಾಮಿಯಿಂದ ಒಟಿಪಿ ಕೇಳಲಿಲ್ಲ, ಲಿಂಕ್ ಕಳುಹಿಸಲಿಲ್ಲ. ಅವನ ಕೈಯಲ್ಲಿದ್ದ ಒಂದೇ ಬಂಡವಾಳ ನಮ್ಮ ಹೆದರಿಕೆ. 'ಪೊಲೀಸರು ನಮ್ಮ ಹುಡುಗನನ್ನು ಸುಮ್ಮನೆ ಹಿಡಿಯಬಹುದು, ದುಡ್ಡು ಕೊಟ್ಟರೆ ಬಿಡಬಹುದು, ಠಾಣೆಗೆ ಫೋನ್ ಮಾಡಿ ಕೇಳಿದರೆ ಇನ್ನಷ್ಟು ಕಷ್ಟ' ಎಂಬ ಮೂರು ನಂಬಿಕೆಗಳು ಆ ತಾಯಿಯ ಮನಸ್ಸಿನಲ್ಲಿ ಮೊದಲೇ ಇದ್ದವು. ಹತ್ತಿರದ ಠಾಣೆಗೆ ಒಂದು ಫೋನ್ ಮಾಡಿದ್ದರೆ ಎರಡು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತಿತ್ತು. ಆ ಫೋನ್ ಮಾಡುವ ಧೈರ್ಯ ಇಲ್ಲದ್ದರಿಂದಲೇ 85 ಸಾವಿರ ಹೋಯಿತು. ಮತ್ತೆ ನಾಲ್ಕು ದಿನ ಸುಮ್ಮನಿದ್ದದ್ದರಿಂದ ಅದು ವಾಪಸ್ ಬರುವ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು.

ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ

ಹಾಗಂತ 'ನಮ್ಮವರಿಗೆ ತಿಳಿವಳಿಕೆ ಇಲ್ಲ' ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಈ ಹೆದರಿಕೆಗೆ ಕಾರಣಗಳಿವೆ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ನಡೆದ ಗೋಲಿಬಾರ್‌ನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಆ ದಿನ ನಮ್ಮ ಮನೆಗಳ ಮಾತಿನಿಂದ ಇನ್ನೂ ಹೋಗಿಲ್ಲ.

2025ರ ಏಪ್ರಿಲ್ 27ರಂದು ಮಂಗಳೂರು ಹೊರವಲಯದ ಕುಡುಪುವಿನಲ್ಲಿ ಕ್ರಿಕೆಟ್ ಮೈದಾನದ ಬಳಿ ಕೇರಳ ಮೂಲದ ವ್ಯಕ್ತಿಯೊಬ್ಬರನ್ನು ಗುಂಪು ಹೊಡೆದು ಕೊಂದಿತು. ಮೊದಲು ದಾಖಲಾದದ್ದು ಅಸಹಜ ಸಾವು ಎಂದು. ಕೊಲೆ ಪ್ರಕರಣ ದಾಖಲಾದದ್ದು ಆಮೇಲೆ. ಕರ್ತವ್ಯಲೋಪದ ಕಾರಣಕ್ಕೆ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ಮರುತಿಂಗಳು ಬಂಟ್ವಾಳ ತಾಲೂಕಿನಲ್ಲಿ ನಮ್ಮ ಸಮುದಾಯದ ಯುವಕನೊಬ್ಬನ ಕೊಲೆಯಾಯಿತು. ಆಮೇಲೆ ಸರಕಾರ ಮಂಗಳೂರು ಪೊಲೀಸ್ ಆಯುಕ್ತರನ್ನೂ ಜಿಲ್ಲಾ ಎಸ್ಪಿಯನ್ನೂ ಬದಲಾಯಿಸಿತು. ಕೋಮು ಹಿಂಸೆ ತಡೆಯಲಿಕ್ಕೆಂದೇ ವಿಶೇಷ ಕಾರ್ಯಪಡೆ ಕಟ್ಟಿತು.

ಅಂಕಿಅಂಶವೂ ಇದನ್ನೇ ಹೇಳುತ್ತದೆ. ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ತಂಡ 2019ರಲ್ಲಿ ದೇಶದ 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತನಾಡಿಸಿ ವರದಿ ಪ್ರಕಟಿಸಿತು. ಮುಸ್ಲಿಮರು ಸ್ವಭಾವದಿಂದಲೇ ಅಪರಾಧದ ಕಡೆಗೆ ವಾಲುವವರು ಎಂದು ಹೆಚ್ಚೋ ಕಡಿಮೆಯೋ ನಂಬುವವರು ಅವರಲ್ಲಿ ಅರ್ಧದಷ್ಟು ಇದ್ದರು. ಹೀಗಿರುವಾಗ ಒಬ್ಬ ತಾಯಿಗೆ 'ಹೆದರಬೇಡಿ, ಹೋಗಿ' ಎಂದು ಬರೇ ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ.

ಆದರೆ ಇದೇ ಘಟನೆಗಳಲ್ಲಿ ಇನ್ನೊಂದು ಪಾಠವೂ ಉಂಟು. ಕುಡುಪು ಪ್ರಕರಣ ಕಡತದಲ್ಲಿ ಅಸಹಜ ಸಾವಾಗಿಯೇ ಉಳಿಯಲಿಲ್ಲ. ಜನ ಬಿಡದೆ ಕೇಳಿದರು, ಸ್ಥಳೀಯರೊಬ್ಬರು ದೂರು ಕೊಟ್ಟರು, ಮರಣೋತ್ತರ ಪರೀಕ್ಷೆಯ ವರದಿ ಬಂತು. ಎಫ್‌ಐಆರ್ ಆಯಿತು, ಆರೋಪಿಗಳ ಬಂಧನವಾಯಿತು, ಲೋಪ ಮಾಡಿದ ಪೊಲೀಸರ ಮೇಲೆ ಕ್ರಮವೂ ಆಯಿತು. ಕಾಗದದ ಮೇಲೆ ಬಂದ ದೂರಿಗೆ ಉತ್ತರ ಕೊಡಲೇಬೇಕಾಗುತ್ತದೆ. ಬಾಯಿಯಲ್ಲೇ ಉಳಿದ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನಾವು ಠಾಣೆಗೆ ಹೋಗದೆ ಇದ್ದರೆ ಪೊಲೀಸರಿಗೆ ನಷ್ಟವಿಲ್ಲ, ಅವರ ಕೆಲಸ ಕಡಿಮೆಯಾಗುತ್ತದೆ ಅಷ್ಟೆ. ನಷ್ಟ ನಮ್ಮದೇ.

'ಪಾಸ್‌ಪೋರ್ಟ್ ಸಿಗುವುದಿಲ್ಲವಂತೆ!'

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೇಳುವ ಮಾತು ಇದು. ಗಲ್ಫ್‌ನ ಅನ್ನ ತಿಂದ ಸಮುದಾಯ ನಮ್ಮದು. ಪಾಸ್‌ಪೋರ್ಟ್ ಎಂದರೆ ಅನ್ನದ ಬಟ್ಟಲು. ಠಾಣೆಯಲ್ಲಿ ಹೆಸರು ಬಂದರೆ ಪೊಲೀಸ್ ವೆರಿಫಿಕೇಶನ್ ಕೆಟ್ಟುಹೋಗುತ್ತದೆ ಎಂಬ ಹೆದರಿಕೆಯಿಂದ ಕಳ್ಳತನವನ್ನೂ ಹಲ್ಲೆಯನ್ನೂ ನುಂಗಿಕೊಂಡವರು ಎಷ್ಟೋ ಮಂದಿ.

ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಪಾಸ್‌ಪೋರ್ಟ್‌ಗೆ ತೊಡಕಾಗುವುದು ಅರ್ಜಿದಾರ ಆರೋಪಿಯಾಗಿದ್ದು ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದಾಗ. ಆಗಲೂ ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಪಡೆಯುವ ದಾರಿ ಉಂಟು. ದೂರು ಕೊಟ್ಟವರಿಗೆ, ನೊಂದವರಿಗೆ, ಸಾಕ್ಷಿ ಹೇಳಿದವರಿಗೆ ಈ ನಿಯಮ ಅನ್ವಯಿಸುವುದೇ ಇಲ್ಲ. ನೀವು ಕಳ್ಳತನದ ದೂರು ಕೊಟ್ಟರೆ ಎಫ್‌ಐಆರ್‌ನಲ್ಲಿ ನಿಮ್ಮ ಹೆಸರು ದೂರುದಾರ ಎಂದು ಬರುತ್ತದೆ, ಆರೋಪಿ ಎಂದಲ್ಲ. ಇಷ್ಟು ಸಣ್ಣ ವ್ಯತ್ಯಾಸ ಗೊತ್ತಿಲ್ಲದ ಕಾರಣಕ್ಕೆ ನಾವು ಎಷ್ಟು ಕಳೆದುಕೊಂಡಿದ್ದೇವೆ!

'ಹೆಂಗಸರು ಠಾಣೆಗೆ ಹೋಗುವುದುಂಟಾ?'

ಎರಡನೇ ಹೆದರಿಕೆ ಮಾನದ್ದು. ಗಂಡಸರು ಹೊರದೇಶದಲ್ಲಿರುವ ಮನೆಗಳಲ್ಲಿ ಬ್ಯಾಂಕು, ಆಸ್ಪತ್ರೆ, ಶಾಲೆ, ಪಂಚಾಯತ್ ಕಚೇರಿ ಎಲ್ಲವನ್ನೂ ನಮ್ಮ ಹೆಂಗಸರೇ ನೋಡಿಕೊಳ್ಳುತ್ತಾರೆ. ಠಾಣೆಯ ಗೇಟಿನ ಹತ್ತಿರ ಬರುವಾಗ ಮಾತ್ರ ಕಾಲು ನಿಲ್ಲುತ್ತದೆ. ಯಾರಾದರೂ ನೋಡಿದರೆ ಎಂತ ಹೇಳಿಯಾರು ಎಂಬ ಚಿಂತೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನಿನಲ್ಲಿ, ಇದಕ್ಕೆ ಉತ್ತರ ಉಂಟು. ಸಾಕ್ಷಿಯಾಗಿ ವಿಚಾರಣೆ ಮಾಡಬೇಕಾದರೆ ಮಹಿಳೆಯರನ್ನು, 15 ವರ್ಷಕ್ಕಿಂತ ಕೆಳಗಿನ ಮತ್ತು 60 ವರ್ಷ ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಅನಾರೋಗ್ಯ ಇರುವವರನ್ನು ಠಾಣೆಗೆ ಬರಲೇಬೇಕು ಎಂದು ಕರೆಯುವ ಹಾಗಿಲ್ಲ. ಅವರ ಮನೆಗೇ ಹೋಗಿ ಕೇಳಬೇಕು. ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಲ್ಲಿ ನೊಂದ ಮಹಿಳೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಮಂಗಳೂರಿನ ಪಾಂಡೇಶ್ವರದಲ್ಲಿ ಮಹಿಳಾ ಠಾಣೆಯೇ ಇದೆ.

ದೂರನ್ನು ಆನ್‌ಲೈನ್ ಮೂಲಕವೂ ಕಳುಹಿಸಬಹುದು. ಮೂರು ದಿನದೊಳಗೆ ಸಹಿ ಹಾಕಿದರೆ ಅದು ದಾಖಲಾಗುತ್ತದೆ. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಇದನ್ನೇ 'ಝೀರೊ ಎಫ್‌ಐಆರ್' ಎನ್ನುವುದು. 'ಇದು ನಮ್ಮ ಲಿಮಿಟ್ ಅಲ್ಲ, ಅಲ್ಲಿಗೆ ಹೋಗಿ' ಎಂಬ ಮಾತು ಇನ್ನು ನಡೆಯುವುದಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ತಿಳಿಸಬೇಕಾದ್ದೂ ಪೊಲೀಸರ ಜವಾಬ್ದಾರಿ.

ದೂರು ತೆಗೆದುಕೊಳ್ಳದಿದ್ದರೆ?

ಮಾಮಿಯನ್ನು ಕರೆದುಕೊಂಡು ನಾವು ಠಾಣೆಗೆ ಹೋದೆವು. ಮೊದಲು ಹೋದಲ್ಲಿ ಕೂತಿದ್ದವರು ತಲೆ ಎತ್ತದೆ 'ಇದು ಸೈಬರ್, ಅಲ್ಲಿ ಹೋಗಿ' ಎಂದರು. ಮಾಮಿ ನನ್ನ ಮುಖ ನೋಡಿದರು. 'ನಾನು ಹೇಳಿದ್ದೇ ಅಲ್ವಾ' ಎಂಬ ನೋಟ ಅದು. ಅಲ್ಲಿಂದಲೇ ವಾಪಸ್ ಬಂದಿದ್ದರೆ ಮಾಮಿ ಜನ್ಮದಲ್ಲಿ ಇನ್ನೊಮ್ಮೆ ಠಾಣೆಯ ಹೆಸರು ಎತ್ತುತ್ತಿರಲಿಲ್ಲ. ನಾವು ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆಗೆ ಹೋದೆವು. ಅಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಮಾಮಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, "ಅಮ್ಮ, ಮೆಲ್ಲ ಹೇಳಿ, ಅರ್ಜೆಂಟ್ ಇಲ್ಲ" ಎಂದರು. ಮಾಮಿಯ ಅರ್ಧ ಹೆದರಿಕೆ ಅಲ್ಲೇ ಹೋಯಿತು. ಒಂದೇ ದಿನ, ಒಂದೇ ಇಲಾಖೆ, ಎರಡು ಥರದ ಮನುಷ್ಯರು. ವಿಶ್ವಾಸ ಕಟ್ಟುವುದೂ ಕೆಡಿಸುವುದೂ ಮೇಜಿನ ಆಚೆ ಕೂತ ಆ ಒಬ್ಬರ ಮಾತಿನಿಂದಲೇ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಂತ ಮಾಡುವುದು? ಕೊಲೆ, ದರೋಡೆ, ಕಳ್ಳತನ, ಅತ್ಯಾಚಾರದಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನಿನಲ್ಲಿ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಉಂಟು. ಆದರೆ ಸುಮ್ಮನೆ ವಾಪಸ್ ಕಳುಹಿಸಲು ಅವಕಾಶ ಇಲ್ಲ.

ಆದ್ದರಿಂದ ದೂರನ್ನು ಬರೆದುಕೊಂಡೇ ಹೋಗಿ. ಎರಡು ಪ್ರತಿ ಇರಲಿ. ಒಂದರ ಮೇಲೆ ಸ್ವೀಕರಿಸಿದ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಅದೂ ಆಗದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳುಹಿಸಿ. ಉಳ್ಳಾಲ, ಕೊಣಾಜೆ, ಸುರತ್ಕಲ್, ಬಜ್ಪೆ, ಮುಲ್ಕಿ, ಮೂಡುಬಿದಿರೆ ಕಡೆಯವರಾದರೆ ಮಂಗಳೂರು ನಗರ ಪೊಲೀಸ್ ಆಯುಕ್ತರಿಗೆ. ಬಂಟ್ವಾಳ, ವಿಟ್ಲ, ಪುತ್ತೂರು, ಉಪ್ಪಿನಂಗಡಿ, ಬೆಳ್ತಂಗಡಿ, ಸುಳ್ಯ ಕಡೆಯವರಾದರೆ ದಕ್ಷಿಣ ಕನ್ನಡ ಎಸ್ಪಿಗೆ. ಕಾಪು, ಕುಂದಾಪುರ ಕಡೆಯವರಾದರೆ ಉಡುಪಿ ಎಸ್ಪಿಗೆ. ಅಲ್ಲಿಯೂ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಉಂಟು. ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಮಹಿಳೆಯರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಪೊಲೀಸರದ್ದೇ ತಪ್ಪಿದ್ದರೆ ಕೇಳಲು ಪೊಲೀಸ್ ದೂರು ಪ್ರಾಧಿಕಾರ ಉಂಟು. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸುಧಾರಣೆಗಳಲ್ಲಿ ಅದೂ ಒಂದು.

ಮನೆಯ ಹುಡುಗನನ್ನೇ ಹಿಡಿದರೆ?

ಆ ವಂಚಕನ ಕರೆ ನಿಜವೇ ಆಗಿದ್ದರೆ ಎಂತ ಮಾಡಬೇಕಿತ್ತು? ಇದೂ ಗೊತ್ತಿರಬೇಕು. ಬಂಧಿಸಿದರೆ ಅದರ ಮಾಹಿತಿಯನ್ನು ಮನೆಯವರಿಗೆ ಅಥವಾ ಆತ ಹೇಳಿದವರಿಗೆ ತಿಳಿಸಬೇಕು, ಕಾರಣ ಹೇಳಬೇಕು, ಬಂಧನದ ಮೆಮೊ ಬರೆಯಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಭೇಟಿಯಾಗುವ ಹಕ್ಕು ಆತನಿಗೆ ಉಂಟು. 1996ರ ಡಿ.ಕೆ. ಬಸು ತೀರ್ಪಿನಿಂದ ಇಂದಿನವರೆಗೆ ಇದೇ ನಿಯಮ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸಾಮಾನ್ಯವಾಗಿ ಮೊದಲು ನೋಟಿಸ್ ಕೊಟ್ಟು ಕರೆಯಬೇಕು. ಪ್ರತಿ ಠಾಣೆಯಲ್ಲೂ ಧ್ವನಿ ದಾಖಲಾಗುವ ಸಿಸಿಟಿವಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ.

ಇಷ್ಟರಲ್ಲಿ ಎಲ್ಲಿಯೂ ಯುಪಿಐನಲ್ಲಿ ದುಡ್ಡು ಹಾಕುವ ಹಂತ ಇಲ್ಲ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ವಿಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಪೊಲೀಸ್ ಎಂದು ಹೇಳಿದವನಿಗೆ "ಯಾವ ಠಾಣೆ? ನಾನೇ ಅಲ್ಲಿಗೆ ಬರುತ್ತೇನೆ" ಎಂದು ಹೇಳಿ ನೋಡಿ. ವಂಚಕ ಅಲ್ಲಿಗೇ ಫೋನ್ ಇಡುತ್ತಾನೆ.

ಜಮಾಅತ್ ಎಲ್ಲಿಯವರೆಗೆ, ಠಾಣೆ ಎಲ್ಲಿಂದ?

ನಮ್ಮಲ್ಲಿ ಏನೇ ಆದರೂ ಮೊದಲು ಹೋಗುವುದು ಮಸೀದಿ ಕಮಿಟಿಗೆ. ಅಣ್ಣ ತಮ್ಮಂದಿರ ಜಾಗದ ತಕರಾರು, ನೆರೆಕರೆಯವರ ಬೇಲಿ ಜಗಳ, ಗಂಡ ಹೆಂಡತಿಯ ಸಣ್ಣಪುಟ್ಟ ಮನಸ್ತಾಪ. ಇವನ್ನೆಲ್ಲ ಕೂತು ಮಾತನಾಡಿಸಿ ಸರಿ ಮಾಡಿದ ಹಿರಿಯರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಅದು ನಮ್ಮ ಬಲ. ಅದನ್ನು ಕಳೆದುಕೊಳ್ಳುವುದು ಬೇಡ.

ಆದರೆ ಎಲ್ಲವೂ ಕಮಿಟಿಯ ಮೇಜಿನ ಮೇಲೆ ಮುಗಿಯುವಂಥದ್ದಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದರೆ ಅಲ್ಲಿ ಪಂಚಾತಿಕೆಗೆ ಜಾಗವೇ ಇಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿದರೆ ಒಂದು ವರ್ಷದವರೆಗೆ. 'ಮಾನ ಹೋಗುತ್ತದೆ, ಹೊರಗೆ ಬಿಡಬೇಡಿ' ಎಂದು ಹೇಳುವ ಹಿರಿಯರಿಗೆ ಇದು ಗೊತ್ತಿರಬೇಕು. ಮಾನ ಹೋಗಬೇಕಾದ್ದು ತಪ್ಪು ಮಾಡಿದವನದ್ದು, ಮಗುವಿನದ್ದಲ್ಲ.

ಹೆಂಡತಿಗೆ ಹೊಡೆಯುವುದೂ ಹಾಗೆಯೇ. ಮೂರು ಸಲ ಕಮಿಟಿಯಲ್ಲಿ ಕೈಕೊಟ್ಟು ಮಾತು ಕೊಟ್ಟವನು ನಾಲ್ಕನೇ ಸಲ ಹೊಡೆದರೆ, ಐದನೇ ಸಲಕ್ಕೆ ಕಾಯಬೇಕಾಗಿಲ್ಲ. ಮೊದಲನೇ ಸಲವೇ ಠಾಣೆಗೆ ಹೋದರೂ ಆಕೆ ತಪ್ಪಿತಸ್ಥಳಲ್ಲ. ಆಕೆಯ ಜೊತೆಗೆ ಇಬ್ಬರು ಜವಾಬ್ದಾರಿಯುತರನ್ನು ಕಳುಹಿಸಿಕೊಟ್ಟರೆ ಅದೇ ಜಮಾಅತ್ ಮಾಡುವ ದೊಡ್ಡ ಸಹಾಯ.

ಇನ್ನು ಮಾದಕ ವಸ್ತು. ಊರಿನ ಯಾವ ಮೂಲೆಯಲ್ಲಿ ಯಾರು ಮಾರುತ್ತಾರೆ ಎಂದು ಊರಿಗೆಲ್ಲ ಗೊತ್ತು. ಯಾರೂ ಹೇಳುವುದಿಲ್ಲ. "ನಾವು ಹೇಳಿದ್ದು ಗೊತ್ತಾದರೆ?" ಎಂಬ ಭಯ. ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವ ಹಾಗಿಲ್ಲ ಎಂದು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಬರೆದಿದೆ. 1933 ಎಂಬ ಸಹಾಯವಾಣಿಗೂ ತಿಳಿಸಬಹುದು. ಮಸೀದಿಯಲ್ಲಿ ಜಾಗೃತಿ ಭಾಷಣ ಮಾಡಿಸುವುದು ಒಳ್ಳೆಯದೇ. ಅದರ ಜೊತೆ ಈ ಒಂದು ಕರೆಯೂ ಹೋಗಬೇಕು.

ಪೊಲೀಸರಿಗೂ ಒಂದು ಮಾತು

ವಿಶ್ವಾಸ ಒಂದು ಕೈಯಿಂದ ಆಗುವ ಕೆಲಸ ಅಲ್ಲ. ಗಲಾಟೆ ಆದಾಗ ಮಾತ್ರ ಶಾಂತಿ ಸಭೆ ಕರೆದು, ಅದೇ ನಾಲ್ಕು ಮುಖಂಡರಿಗೆ ಚಾ ಕೊಟ್ಟು ಕಳುಹಿಸಿದರೆ ಮನೆಯೊಳಗಿನ ತಾಯಂದಿರಿಗೆ ಧೈರ್ಯ ಬರುವುದಿಲ್ಲ. ಬೀಟ್ ಪೊಲೀಸರ ಮುಖ ಮತ್ತು ಫೋನ್ ನಂಬರ್ ಪ್ರತಿ ಮನೆಗೆ ಗೊತ್ತಿರಬೇಕು. ಮದ್ರಸದ ಪೋಷಕರ ಸಭೆಗೆ, ಮಹಿಳಾ ತರಗತಿಗೆ ಮಹಿಳಾ ಪೊಲೀಸರೊಬ್ಬರು ಬಂದು ಅರ್ಧ ಗಂಟೆ ಮಾತನಾಡಿದರೆ ಹತ್ತು ಶಾಂತಿ ಸಭೆಗಿಂತ ಹೆಚ್ಚು ಫಲ ಸಿಕ್ಕೀತು. ದ್ವೇಷ ಭಾಷಣ ಮಾಡಿದವರ ಮೇಲೆ, ಅವರು ಯಾವ ಧರ್ಮದವರೇ ಆಗಲಿ, ಒಂದೇ ಅಳತೆಯಲ್ಲಿ ಕ್ರಮ ಆದರೆ ಬೇರೆ ಪ್ರಚಾರವೇ ಬೇಡ.

ಪೊಲೀಸ್ ಇಲಾಖೆಯಲ್ಲಿ ಮುಸ್ಲಿಮರು ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಇದರಲ್ಲಿ ನಮ್ಮ ಪಾಲೂ ಉಂಟು. ಪಿಯುಸಿ ಮುಗಿಸಿದ ಹುಡುಗನಿಗೆ ವೀಸಾ ಹುಡುಕುವಷ್ಟು ಆಸಕ್ತಿಯಿಂದ ಕಾನ್‌ಸ್ಟೇಬಲ್ ಹುದ್ದೆಯ ಅರ್ಜಿ ಹುಡುಕುವವರು ಎಷ್ಟು ಮಂದಿ? ಠಾಣೆಯ ಮೇಜಿನ ಆಚೆ ನಮ್ಮ ಭಾಷೆ ಗೊತ್ತಿರುವ ಒಬ್ಬಳು ಹುಡುಗಿ ಕೂತಿದ್ದರೆ ಮಾಮಿಯಂಥವರಿಗೆ ಎಷ್ಟು ಧೈರ್ಯ!

ಮಾಮಿಯ ದುಡ್ಡು

ಕೊನೆಗೆ ಮಾಮಿಯ ದುಡ್ಡು ಎಂತ ಆಯಿತು? ದುಡ್ಡು ಹೋದ ಖಾತೆಯಿಂದ ಅದೇ ದಿನ ಹೆಚ್ಚಿನದ್ದೆಲ್ಲ ಬೇರೆ ಕಡೆಗೆ ಹೋಗಿತ್ತು. ಉಳಿದದ್ದನ್ನು ಬ್ಯಾಂಕ್ ತಡೆಹಿಡಿಯಿತು. ಕೆಲವು ತಿಂಗಳ ನಂತರ ನ್ಯಾಯಾಲಯದ ಆದೇಶದ ಮೂಲಕ 11 ಸಾವಿರ ರೂಪಾಯಿ ವಾಪಸ್ ಬಂತು. "ಅದೇ ದಿನ 1930ಕ್ಕೆ ಫೋನ್ ಮಾಡಿದ್ದರೆ ಇನ್ನೂ ಸಿಗುತ್ತಿತ್ತಮ್ಮ" ಎಂದು ಠಾಣೆಯಲ್ಲಿ ಹೇಳಿದರು. ಅದು ನಿಜ. 1930ಕ್ಕೆ ಕರೆ ಹೋದ ಕೂಡಲೇ ದುಡ್ಡು ಹೋದ ಬ್ಯಾಂಕಿಗೆ ಮಾಹಿತಿ ಮುಟ್ಟುತ್ತದೆ, ಖಾತೆಯಲ್ಲಿ ಉಳಿದ ಮೊತ್ತವನ್ನು ಹಿಡಿದಿಡುತ್ತಾರೆ. ಮೊದಲ ಒಂದೆರಡು ಗಂಟೆಯೇ ಮುಖ್ಯ.

ಮಗನ ಹೆಸರು ಯಾವ ಕೇಸಿನಲ್ಲೂ ಬರಲಿಲ್ಲ. ಈಗ ಅವನ ಪಾಸ್‌ಪೋರ್ಟ್ ಕೂಡ ಬಂದಿದೆ. ವೆರಿಫಿಕೇಶನ್‌ಗೆ ಪೊಲೀಸರು ಬಂದ ದಿನ ಮಾಮಿ ಅವರಿಗೆ ಚಾ ಮಾಡಿಕೊಟ್ಟರು. ಆಮೇಲೆ ನನ್ನನ್ನು ಕರೆದು ಹೇಳಿದರು: "ಮೋನೇ, ಆ ದಿನ ಯಾರಾದರೂ ಒಬ್ಬರು ನನ್ನ ಜೊತೆ ಬರುತ್ತೇನೆ ಅಂತ ಹೇಳಿದ್ದರೆ, ನಾನು ಆ ದಿನವೇ ಹೋಗುತ್ತಿದ್ದೆ."

ನಮ್ಮ ಓಣಿಯಲ್ಲಿ ಹಾಗೆ ಜೊತೆಗೆ ಬರುವ ಒಬ್ಬರು ಯಾರು? ಈ ವಾರ ಮನೆಯಲ್ಲಿ ಕೂತು ಇದೊಂದನ್ನು ತೀರ್ಮಾನ ಮಾಡಿಕೊಳ್ಳೋಣ.

ಅಡುಗೆಕೋಣೆಯ ಗೋಡೆಗೆ ಅಂಟಿಸಿಡಿ

• ಯಾವುದೇ ತುರ್ತು ಸಂದರ್ಭ: 112
• ಆನ್‌ಲೈನ್ ವಂಚನೆ: 1930
• ಮಹಿಳಾ ಸಹಾಯವಾಣಿ: 181
• ಮಕ್ಕಳ ಸಹಾಯವಾಣಿ: 1098
• ಮಾದಕ ವಸ್ತು ಮಾಹಿತಿ: 1933
• ಉಚಿತ ಕಾನೂನು ನೆರವು: 15100
• ಮೊಬೈಲ್ ಅಥವಾ ದಾಖಲೆ ಕಳೆದುಹೋದರೆ: ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು
• ನಿಮ್ಮ ಹತ್ತಿರದ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆ: ಇಂದೇ ಕೇಳಿ ಬರೆದಿಟ್ಟುಕೊಳ್ಳಿ